ಸತ್ಯನಾರಾಯಣಪೇಟೆಯ ವಾತನಾರಾಯಣ

ಮನುಷ್ಯರನ್ನ ತಪ್ಪು ಹೆಸರಿನಿಂದ ಕರದ್ರ ಸಿಟ್ಟಿಗೇಳ್ತಾರ. ಗಿಡಗಳು ಪಾಪ, ಸುಮ್ಮನಿರ್ತಾವ. ಅವುಗಳ ಪರವಾಗಿ ಸಿಟ್ಟಿಗೇಳೋ ಕೆಲಸ ಮಾತ್ರ ಹ್ಯಾಂಗೋ ನನ್ನ ಪಾಲಿಗೆ ಬಂದುಬಿಟ್ಟೈತಿ. ನಾನು ಬಳ್ಳಾರಿಯ ಒಂದು ಸಾಲ್ಯಾಗ ಪ್ರಕೃತಿ ಪಾಠ ಹೇಳ್ತಿದ್ದಾಕಿ. ಎಲಿ, ಹೂವು, ಕಾಯಿ ಹಿಡಕೊಂಡು ಊರೂರು ಅಡ್ಡಾಡೋ ಹೆಂಗಸಿಗೆ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ. ಅದರಾಗೂ ಸ್ವಾತಂತ್ರ್ಯ ಬಂದ ಮರುವರ್ಷ ಒಂದ ಒಂದು ಗಿಡದ ಸಲುವಾಗಿ ನಾನು ಬಿದ್ದ ಒದ್ದಾಟ, ಮಾಡಿದ ಜಗಳ, ಕಡೀಕ ಗೆದ್ದ ಗೆಲುವು ನೆನಸಿಕೊಂಡ್ರ ಈಗಲೂ ಒಬ್ಬಾಕಿನ ಕೂತು ನಗ್ತೀನಿ. ನಮ್ಮ ಸೊಸಿ, "ಯಾಕ್ರಿ ಅತ್ತಿ, ಏನಾತು?" ಅಂತಾಳ. "ಏನಿಲ್ಲವ್ವ, ನಾರಾಯಣ ನೆನಪಾದ" ಅಂತೀನಿ. ಅತ್ತಿಗೆ ಭಕ್ತಿ ಜಾಸ್ತಿ ಆಗೈತಿ ಅಂದುಕೊಂಡು ಸುಮ್ಮನಾಗ್ತಾಳ.

೧. ದೊರಿ ನೆಟ್ಟ ಗಿಡ

ನಮ್ಮ ಹೆಣ್ಣುಮಕ್ಕಳ ಸಾಲಿ ಸತ್ಯನಾರಾಯಣಪೇಟ್ಯಾಗಿನ ಒಂದು ಹಳೇ ಬಂಗಲೆಗೆ ಬಂದು ಇನ್ನೂ ಐದಾರು ತಿಂಗಳಾಗಿತ್ತು. ಹಿಂದ ಅಲ್ಲಿ ಯಾರೋ ಇಂಗ್ಲಿಷ್ ದೊರಿ ಇದ್ನಂತ. ಖೋಲಿ ಕಡಿಮಿ, ಹುಡುಗ್ಯಾರು ಜಾಸ್ತಿ. ಉಳಿದವರಿಗೆಲ್ಲ ಒಂದೊಂದು ಖೋಲಿ ಸಿಕ್ತು, ನನಗ ಸಿಕ್ಕಿದ್ದು ಅಂಗಳದಾಗಿನ ಒಂದು ದೊಡ್ಡ ಗಿಡದ ನೆರಳು. ನಾನೇನು ಬ್ಯಾಸರ ಮಾಡಿಕೊಳ್ಳಲಿಲ್ಲ. ಬಳ್ಳಾರಿ ಬಿಸಿಲಾಗ ಒಳಗ ಕೂತು ಬೇಯೋದಕ್ಕಿಂತ ಗಿಡದ ಕೆಳಗ ಕೂಡೋದು ಎಷ್ಟೋ ವಾಸಿ. ಕರೀ ಹಲಗಿನ್ನ ಗಿಡಕ್ಕ ನೇತು ಹಾಕಿ ಪಾಠ ಸುರು ಮಾಡಿದೆ.

ನಮ್ಮ ಸಾಲಿ ಅಧ್ಯಕ್ಷರು ಹತ್ತಿ ವ್ಯಾಪಾರಸ್ಥರು. ಮನಸು ಒಳ್ಳೇದು, ಆದ್ರ ತಲ್ಯಾಗ ಒಂದು ಮಾತು ಹೊಕ್ಕರ ಹೊರಗ ಬರೋ ದಾರಿ ಅದಕ್ಕ ಸಿಗ್ತಿದ್ದಿಲ್ಲ. ಸ್ವಾತಂತ್ರ್ಯ ಬಂದಮ್ಯಾಲ ಖಾದಿ ಉಟ್ಟು, ಬಿಳಿ ಟೋಪಿ ಹಾಕ್ಕೊಂಡು, ಸಾಲ್ಯಾಗ ಒಂದೂ ಸೀಮೆ ಸಾಮಾನು, ಅಂದ್ರ ಪರದೇಶದ್ದು, ಇರಬಾರದು ಅಂತ ಹಟ ಹಿಡಿದ್ರು. ದೊರಿ ಕುರ್ಚಿ ಹೋತು, ದೊರಿ ಗಡಿಯಾರ ಹೋತು. ಮಾಘ ಮಾಸದಾಗ ಒಂದಿನ ಅಂಗಳಕ್ಕ ಬಂದು ಮ್ಯಾಲ ನೋಡಿದ್ರು.

"ಟೀಚರಮ್ಮ, ಇದು ಸೀಮೆ ಸಂಕೇಶ್ವರ ಅಲ್ಲೇನ್ರಿ?"

"ಅಲ್ರಿ. ವಾತನಾರಾಯಣ."

"ಎಲಿ ನೋಡ್ರಿ. ಸ್ಟೇಷನ್ ಮುಂದ ಕೆಂಪು ಹೂ ಬಿಡೋ ಗಿಡದ್ದೂ ಹಿಂಗ ಐತಿ. ಅದು ಸೀಮೆ ಸಂಕೇಶ್ವರ, ಅಂದಮ್ಯಾಲ ಇದೂ ಸೀಮೆದ. ದೊರಿ ನೆಟ್ಟಾನ. ದೊರಿ ಹೋದ, ಗಿಡನೂ ಹೋಗ್ಲಿ."

ಗೊತ್ತಿಲ್ಲದವರಿಗೆ ಹೇಳ್ತೀನಿ. ಇವು ಒಂದ ಬಳಗದ ಮೂರು ಗಿಡ. ಸೀಮೆ ಸಂಕೇಶ್ವರ, ಅಂದ್ರ ಗುಲ್‌ಮೊಹರ್, ಬ್ಯಾಸಗ್ಯಾಗ ಕೆಂಪು ಹೂ ಬಿಡ್ತೈತಿ, ಕಾಯಿ ಕತ್ತಿಯಂಗ ಉದ್ದ. ವಾತನಾರಾಯಣದ ಹೂವು ಮೊದಲ ದಿನ ಬಿಳಿ, ಮರುದಿನ ಹಳದಿ, ಕಾಯಿ ಗೇಣುದ್ದ, ಅದರ ಎಲಿ ಕುದಿಸಿದ ನೀರು ಮಂಡಿನೋವಿಗೆ ಚಲೋ ಅಂತಾರ. ರತ್ನಗಂಧಿ ಇವೆರಡರ ಗಿಡ್ಡ ತಂಗಿ. ಎಲಿ ಮಾತ್ರ ಮೂರಕ್ಕೂ ಹುಣಸಿ ಎಲಿ ಹಂಗ ಸಣ್ಣಸಣ್ಣದು. ಹೂವು, ಕಾಯಿ ಇಲ್ಲದಾಗ ತಿಳಿದವರೂ ಎಡವ್ತಾರ.

"ಹಂಗಾದ್ರ ಹೂವು ತೋರಿಸ್ರಿ" ಅಂದ್ರು.

"ಇನ್ನೂ ಬಿಡೋ ಕಾಲ ಬಂದಿಲ್ರಿ."

"ಕಾಯಿ?"

"ಓಣಿಯವರು ನೀರೊಲಿಗೆ ಒಯ್ದುಬಿಟ್ಟಾರ."

"ಅಂದ್ರ ಸಾಕ್ಷಿ ಇಲ್ಲ. ಯುಗಾದಿ ತನಕ ಟೈಮ್ ಕೊಡ್ತೀನಿ. ಅಷ್ಟರೊಳಗ ಇದು ಬ್ಯಾರೆ ಅಂತ ತೋರಿಸಿಕೊಡ್ರಿ. ಇಲ್ಲಾಂದ್ರ ಹಬ್ಬದ ಮರುದಿನ ಕೊಡ್ಲಿ."

"ಆಮ್ಯಾಲ ನನ್ನ ಕ್ಲಾಸು ಎಲ್ಲಿ ನಡಸ್ಲ್ರಿ?"

ಅಧ್ಯಕ್ಷರು, "ಜಾಗ ಇಲ್ಲಾಂದ್ರ ಪ್ರಕೃತಿ ಪಾಠ ಬಿಟ್ಟುಬಿಡೋಣ್ರಿ. ಹುಡುಗ್ಯಾರಿಗೆ ಹೊಲಿಗಿ ಕಲಿಸಿದ್ರಾತು" ಅಂದ್ರು. ಗಿಡ ಹೋದ್ರ ಪಾಠ ಹೋತು, ಪಾಠ ಹೋದ್ರ ನನ್ನ ನೌಕರಿ ಹೋತು. ನನಗೋ ಸೂಜಿಗೆ ದಾರ ಪೋಣಿಸಾಕ ಬರ್ತಿದ್ದಿಲ್ಲ.

ಸಿಟ್ಟು ತಡೀಲಾರದ ಕೇಳೇಬಿಟ್ಟೆ: "ದೊರಿ ನೆಟ್ಟ ಗಿಡ ಬ್ಯಾಡ ಅಂದ್ರ, ದೊರಿ ಕಟ್ಟಿಸಿದ ಬಂಗಲೆ ಹ್ಯಾಂಗ ಇಟ್ಕೊಂಡೀರಿ?"

"ಬಂಗಲೆ ನೆಲದಾಗ ಬೇರು ಬಿಟ್ಟಿಲ್ಲಲ್ರಿ" ಅಂದ್ರು ಅಧ್ಯಕ್ಷರು.

೨. ಸಿರುಗುಪ್ಪದಾಗ ಕನ್ಯಾ ನೋಡಿದ್ದು

ನನ್ನ ಲೆಕ್ಕಾಚಾರ ಇಷ್ಟ: ಹೂವೋ ಕಾಯೋ ಇರೋ ವಾತನಾರಾಯಣ ಎಲ್ಲಿದ್ರೂ ಹುಡುಕಿ, ಒಂದು ಟೊಂಗಿ ತಂದು ನಮ್ಮ ಗಿಡದ ಪಕ್ಕಕ್ಕ ಹಿಡಿದು ಅಧ್ಯಕ್ಷರ ಬಾಯಿ ಮುಚ್ಚಿಸೋದು. ಸಿರುಗುಪ್ಪದಾಗ ಒಬ್ಬ ಭತ್ತದ ಸಾಹುಕಾರರ ಹಿತ್ತಲದಾಗ ಅಂಥಾ ಗಿಡ ಐತಿ ಅಂತ ಸುದ್ದಿ ಬಂತು. ಅವರಿಗೆ ಗೊತ್ತಿದ್ದೋರ ಕಡೆಯಿಂದ, "ಬಳ್ಳಾರಿಯಿಂದ ಗಂಡ ಹೆಂಡ್ತಿ ಗಿಡ ನೋಡಾಕ ಬರ್ತಾರ" ಅಂತ ಹೇಳಿ ಕಳಿಸಿದೆ. ಹೇಳಾಕ ಹೋದ ಪುಣ್ಯಾತ್ಮ ಏನನ್ನ ನೋಡಾಕ ಅನ್ನೋದನ್ನ ನುಂಗಿಬಿಟ್ಟಿದ್ದ.

ನಮ್ಮ ಮನಿಯವರು ಕೋರ್ಟಿನ್ಯಾಗ ಗುಮಾಸ್ತರು. ದಿನಾ ವಕೀಲರ ಮಾತು ಕೇಳಿ ಕೇಳಿ ತಾವು ಮಾತಾಡೋದ ಬಿಟ್ಟಿದ್ರು. ಆದಿತ್ಯವಾರ ಇಬ್ರೂ ಮೋಟಾರು ಹತ್ತಿ ಹೋದ್ವಿ. ಹೋಗೋದರಾಗ ಆ ಮನಿ ಅಂಗಳಕ್ಕ ಸಾರಿಸಿ ರಂಗೋಲಿ ಹಾಕಿದ್ರು. ಕಂಬಳಿ ಹಾಸಿ ಕೂಡಿಸಿದ್ರು. ಕೇಸರಿಬಾತು, ಮಂಡಾಳು ಒಗ್ಗರಣಿ, ಮಿರ್ಚಿ ಬಂದ್ವು. ಗಿಡ ನೋಡಾಕ ಬಂದವರಿಗೆ ಇಷ್ಟು ಮರ್ಯಾದಿನ, ಸಿರುಗುಪ್ಪದವರು ಎಷ್ಟು ದೊಡ್ಡ ಮಂದಿ ಅಂದುಕೊಂಡೆ. ನಮ್ಮ ಮನಿಯವರು ಏನೂ ಅಂದುಕೊಳ್ಳದ ತಿನ್ನಾಕ ಹತ್ತಿದ್ರು.

ನಾನು ವಿಷಯಕ್ಕ ಬಂದೆ. "ಯಜಮಾನರ, ತಪ್ಪು ತಿಳೀಬ್ಯಾಡ್ರಿ. ನಿಮ್ಮಲ್ಲಿರೋದು ಯಾವ ಜಾತಿ ಅನ್ನೋದು ನಿಮಗ ಖಾತ್ರಿ ಐತೇನ್ರಿ?"

ಯಜಮಾನರ ಮುಖ ಸ್ವಲ್ಪ ಗಂಟಾತು. "ಏಳು ತಲಿಯಿಂದ ಖಾತ್ರಿ ಐತ್ರಿ."

"ವಯಸ್ಸು ಎಷ್ಟಾತು?"

"ಹದಿನೇಳು ತುಂಬಿ ಹದಿನೆಂಟು."

"ಎತ್ತರ?"

"ನಿಂತ್ರ ಬಾಗಿಲ ಚೌಕಟ್ಟಿಗೆ ಒಂದು ಗೇಣು ಕಡಿಮಿ."

"ಹದಿನೇಳು ವರ್ಷಕ್ಕ ಅಷ್ಟನ? ಇನ್ನೂ ಬೆಳೀಬೇಕಿತ್ತಲ್ರಿ" ಅಂದೆ.

"ಇದ್ದದ್ದು ಹೇಳೀನಿ" ಅಂದ್ರು ಅವರು, ದನಿ ಬಿಗಿ ಮಾಡಿ.

"ಇರ್ಲಿ ಬಿಡ್ರಿ. ಬಣ್ಣ ಹ್ಯಾಂಗೈತಿ?"

"ಎಣ್ಣಿಗೆಂಪು."

"ಕೆಂಪು?" ನಾನು ಮುಂದಕ್ಕ ಸರದು ಕೂತೆ. "ಕೆಂಪಾದ್ರ ಹ್ಯಾಂಗ್ರಿ? ನಮಗ ಬೇಕಾಗಿರೋದು ಮೊದಲ ದಿನ ಬೆಳ್ಳಗಿದ್ದು, ಮರುದಿನ ಹಳದಿ ತಿರುಗೋದು."

ಯಜಮಾನರು ಎದ್ದ ನಿಂತ್ರು. "ಏನಮ್ಮ ನಿನ್ನ ಮಾತು? ನಮ್ಮ ಹುಡುಗಿಗೆ ಕಾಮಾಲಿ ಗೀಮಾಲಿ ಏನೂ ಇಲ್ಲ. ಹಂಗಂತ ಯಾರು ಚಾಡಿ ಹೇಳಿದ್ರು ನಿಮಗ?"

ಆಗ ನೋಡ್ರಿ, ನನಗ ಆ ರಂಗೋಲಿ, ಆ ಕಂಬಳಿ, ಆ ಕೇಸರಿಬಾತು ಎಲ್ಲಾ ಒಮ್ಮೆಲೇ ತಿಳೀತು. ಕೈ ಮುಗಿದು ಗಿಡದ ಕಥಿ ಹೇಳಿದೆ. ಒಳಗಿಂದ ಒಂದು ಹುಡುಗಿ ನಗು ಕೇಳಿಸ್ತು, ಅವರವ್ವನ ನಗು ಕೇಳಿಸ್ತು, ಕಡೀಕ ಯಜಮಾನರೂ ಹೊಟ್ಟಿ ಹಿಡಕೊಂಡು ನಕ್ಕು ಹಿತ್ತಲಕ್ಕ ಕರಕೊಂಡು ಹೋದ್ರು. ಗಿಡ ನೋಡಿದ್ರ ರತ್ನಗಂಧಿ. ಹೂವು ಕೆಂಪು, ಎತ್ತರ ಬಾಗಿಲ ಚೌಕಟ್ಟಿಗೆ ಒಂದು ಗೇಣು ಕಡಿಮಿ. ಯಜಮಾನರು ಹೇಳಿದ್ದರಾಗ ಒಂದೂ ಸುಳ್ಳಿದ್ದಿಲ್ಲ.

ಬರಿಗೈಲಿ ವಾಪಸು ಬರೋವಾಗ ನಾನು ಅಳು ಮುಖ ಮಾಡ್ಕೊಂಡು ಕೂತಿದ್ದೆ. ಮೋಟಾರಿನ್ಯಾಗ ನಮ್ಮ ಮನಿಯವರು ಅವತ್ತಿನ ಮೊದಲ ಮಾತು ಆಡಿದ್ರು: "ಮುಂದಿನ ವಾರ ಯಾವ ಊರಾಗ ಗಿಡ ನೋಡೋದು?"

೩. ಮಾವನ ಮಂಡಿ

ಮುಂದಿನ ವಾರ ಕುರುಗೋಡು. ಅಲ್ಲಿ ನಮ್ಮ ಮನಿಯವರ ಸೋದರಮಾವ ಇದ್ರು. ವರ್ಷದ ಹಿಂದ ಮಂಡಿನೋವಿನಿಂದ ಕಟ್ಟಿ ಇಳೀಲಾರದ ಕೂತಿದ್ದೋರು, ದಿನಾ ವಾತನಾರಾಯಣದ ಎಲಿ ಕುದಿಸಿದ ನೀರು ಹಾಕ್ಕೊಂಡು ಈಗ ಕುರುಗೋಡು ಗುಡ್ಡ ಹತ್ತಿ ಇಳೀತಾರ ಅಂತ ಬಳಗಕ್ಕೆಲ್ಲ ಗೊತ್ತಿತ್ತು.

"ಬಾರವ್ವ, ಬಾ. ನಮ್ಮ ಹಿತ್ತಲದಾಗ ಖುದ್ದು ನಾರಾಯಣನ ನಿಂತಾನ" ಅಂತ ಮುಂದ ಮುಂದ ದಡದಡ ನಡದ್ರು. ನಾನು ಹಿಂದ ಓಡಿದೆ. ಹೋಗಿ ತಲಿ ಎತ್ತಿ ನೋಡ್ತೀನಿ, ಹೋದ ವರ್ಷದ ಒಣ ಕಾಯಿ ಟೊಂಗಿಗೆ ಜೋತು ಬಿದ್ದಾವ. ಒಂದೊಂದೂ ಮೊಳದುದ್ದ. ಥೇಟ್ ಕತ್ತಿ.

ಗಿಡದ ವಿಷಯದಾಗ ಸುಳ್ಳು ಹೇಳಾಕ ನನಗ ನಾಲಗಿ ಏಳೋದಿಲ್ಲ. "ಮಾವ, ಇದು ವಾತನಾರಾಯಣ ಅಲ್ರಿ. ಸೀಮೆ ಸಂಕೇಶ್ವರ" ಅಂದೆ.

"ಅಂದ್ರ ಒಂದು ವರ್ಷದಿಂದ ನಾನು ಮೈಮ್ಯಾಲ ಹಾಕ್ಕೊಂಡಿದ್ದು?"

"ಬಿಸಿನೀರು, ಮಾವ."

ಮಾವ ಸಾವಕಾಶ ಅಲ್ಲೇ ಇದ್ದ ರುಬ್ಬೋ ಒಳ್ಳಿನ ಮ್ಯಾಲ ಕೂತ್ರು. ಮಂಡಿ ಮ್ಯಾಲ ಕೈ ಇಟ್ಕೊಂಡ್ರು. ಏಳಾಕ ಹೋದ್ರು, ಆಗಲಿಲ್ಲ. "ಅಯ್ಯಯ್ಯೋ, ಹಿಡಕೊಂತಲ್ಲೇ" ಅಂದ್ರು. ಅತ್ತಿ ಒಳಗಿಂದ ಓಡಿ ಬಂದು ನನ್ನ ಮ್ಯಾಲ ಬಿದ್ರು: "ಬೆಳಿಗ್ಗಿ ತನಕ ಗುಂಡುಕಲ್ಲಿನಂಗ ಇದ್ರಲ್ಲೇ ನಮ್ಮವ್ವ. ಬಂದು ಅರ್ಧ ಗಳಿಗಿ ಆಗಿಲ್ಲ, ಗಂಡಸನ್ನ ನೆಲಕ್ಕ ಹಾಕಿದಿ. ನಿನ್ನ ವಿದ್ಯಾಕ್ಕಿಷ್ಟು ಬೆಂಕಿ ಹಾಕ."

ನಮ್ಮ ಮನಿಯವರು ನಡುವ ಬಂದು, "ಬಿಸಿನೀರೂ ಚಲೋದ ಮಾವ" ಅಂದ್ರು. ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ.

ಮಧ್ಯಾಹ್ನ ಊಟಕ್ಕೂ ಮಾವ ಒಳ್ಳು ಬಿಟ್ಟು ಏಳಲಿಲ್ಲ. ಕಡೀಕ ನಾನ ಸೋತೆ. ಗಿಡದ ಹತ್ತಿರ ಹೋಗಿ ಎಲಿ ಕಿತ್ತು ಕಣ್ಣಿಗೆ ಹಿಡದು ನೋಡಿ, "ಮಾವ, ಬರೋಬ್ಬರಿ ನೋಡಿದೆ. ಇದೂ ನಾರಾಯಣನ ಬಳಗದ್ದ" ಅಂದೆ. ಅದೇನು ಸುಳ್ಳಲ್ಲ.

"ಬಳಗದ್ದಾದ್ರ ಸಾಕವ್ವ" ಅಂತ ಮಾವ ತಟಕ್ಕನ ಎದ್ದು ಊಟಕ್ಕ ನಡದ್ರು.

೪. ಹ್ಯಾಟು ಮತ್ತು ಟೋಪಿ

ಅಷ್ಟರಾಗ ಅಧ್ಯಕ್ಷರು ತಮ್ಮ ಕಡಿಯಿಂದ ಒಬ್ಬ ಸಾಕ್ಷಿದಾರರನ್ನ ಹಿಡಕೊಂಡು ಬಂದ್ರು. ಕಾಲೇಜಿನ್ಯಾಗ ಸಸ್ಯಶಾಸ್ತ್ರ ಹೇಳೋ ಮೇಷ್ಟ್ರು. ತೆಲುಗಿನವರು, ಭಾಳ ಮೃದು ಮನುಷ್ಯ. ಗಿಡದ ಸುತ್ತ ತಿರುಗಿ, ತೊಗಟಿ ಕೆರದು ನೋಡಿ, "ವಾತನಾರಾಯಣ ಅಂತಾನೇ ಕಾಣಿಸ್ತಿದೆ ಅಂಡಿ. ಹೂವು ಇದ್ದಿದ್ರೆ ಖಚಿತ ಹೇಳಬಹುದಿತ್ತು" ಅಂದ್ರು.

"ಸೀಮೆ ಸಂಕೇಶ್ವರಕ್ಕೂ ಇದಕ್ಕೂ ಏನು ಸಂಬಂಧ, ಅದನ್ನ ಹೇಳ್ರಿ" ಅಂದ್ರು ಅಧ್ಯಕ್ಷರು.

"ರೆಂಡೂ ಒಕಟೇ ಕುಟುಂಬಮು. ಎರಡೂ ಪಾಯಿನ್ಸಿಯಾನಾ."

ಅಧ್ಯಕ್ಷರ ಮುಖ ಅರಳ್ತು. "ಕೇಳಿದ್ರಿಲ್ಲೋ ಟೀಚರಮ್ಮ? ಕುಟುಂಬನೂ ಒಂದ, ಹೆಸರೂ ಇಂಗ್ಲಿಷ್."

ಮೇಷ್ಟ್ರು, "ಇಂಗ್ಲಿಷ್ ಅಲ್ಲ, ಅದು ಶಾಸ್ತ್ರದ..." ಅಂತ ಬಾಯಿ ತೆಗದ್ರು. ಅಧ್ಯಕ್ಷರು ಕೇಳೋ ಸ್ಥಿತಿಯಾಗ ಇರಲಿಲ್ಲ. ನನಗ ನೆತ್ತಿಗೇರ್ತು. ಅಧ್ಯಕ್ಷರಿಗೆ ಒಬ್ಬ ತಮ್ಮ ಇದ್ರು. ದೊರಿಗಳ ಕಾಲದಾಗ ರಾವ್ ಬಹದ್ದೂರ್ ಬಿರುದು ತಗೊಂಡೋರು. ದೊರಿಗಳು ಹೋದ್ರೂ ಅವರ ತಲಿ ಮ್ಯಾಲಿನ ಹ್ಯಾಟು ಹೋಗಿದ್ದಿಲ್ಲ.

"ಅಧ್ಯಕ್ಷರ, ನೀವೂ ನಿಮ್ಮ ತಮ್ಮಾರೂ ಒಂದ ಕುಟುಂಬ ಅಲ್ಲೇನ್ರಿ?"

"ಹೌದು."

"ಮನಿತನದ ಹೆಸರೂ ಒಂದ."

"ಹೌದ್ರಿ."

"ದೂರದಿಂದ ನೋಡಿದ್ರ ಮುಖಾನೂ ಒಂದ."

"ಹೌದು, ಅದಕ್ಕೇನೀಗ?"

"ಅವರು ಹ್ಯಾಟು, ನೀವು ಟೋಪಿ. ಹ್ಯಾಟಿನವರ ಸಿಟ್ಟಿಗೆ ಟೋಪಿಯವರನ್ನ ಕಡದ್ರ ಹ್ಯಾಂಗ್ರಿ?"

ಮೇಷ್ಟ್ರಿಗೆ ಕೆಮ್ಮು ಬಂತು. ಕೆಮ್ಮಿಕೋತ ಗಿಡದ ಹಿಂದ ಹೋದ್ರು, ಅಲ್ಲಿ ಬಿದ್ದು ಬಿದ್ದು ನಗೋದು ನನಗ ಕಾಣಿಸ್ತಿತ್ತು. ಆಮ್ಯಾಲ ನನ್ನ ಕಿವ್ಯಾಗ, "ಅಮ್ಮಾ, ಕು‌ಟುಂಬ ಒಂದಾದ್ರೂ ಜಾತಿ ಬೇರೆ ಅಂತ ಕಾಲೇಜು ಹುಡುಗ್ರಿಗೆ ಹೇಳೋದಕ್ಕೆ ನಾನು ಒಂದು ವಾರ ಒದ್ದಾಡ್ತೀನಿ" ಅಂದ್ರು.

ಅಧ್ಯಕ್ಷರು ಮಾತ್ರ, "ನನ್ನ ತಮ್ಮನ ಸುದ್ದಿ ಇಲ್ಲಿ ಬ್ಯಾಡ. ಯುಗಾದಿ. ಹೂವು. ಅಷ್ಟ" ಅಂತ ಹೊರಟ್ರು. ಹೋಗೋವಾಗ ಗೇಟಿನ ತನಕ ಟೋಪಿ ಮ್ಯಾಲ ಒಂದು ಕೈ ಇಟ್ಕೊಂಡ ಹೋದ್ರು.

೫. ಕೊಡ್ಲಿಗೆ ವಾರ ಸಿಗಲಿಲ್ಲ

ಯುಗಾದಿ ಬಂತು. ಗಿಡದ ತುದ್ಯಾಗ ಮೊಗ್ಗೇನೋ ಕಾಣಿಸಿದ್ವು, ಹಸರು ಗೋಲಿಯಂಗ. ಮೊಗ್ಗು ನೋಡಿ ಬಣ್ಣ ಹ್ಯಾಂಗ ಹೇಳ್ತೀರಿ? ಹಬ್ಬದ ದಿನ ನನಗ ಬೇವೂ ಕಹಿ, ಬೆಲ್ಲನೂ ಕಹಿ. ಮರುದಿನ ಸೋಮವಾರ ಮುಂಜಾನಿನ ಸಾಲಿಗೆ ಹೋದ್ರ ಕಟ್ಟಿಗಿ ಕಡಿಯೋನು ಹೆಗಲ ಮ್ಯಾಲ ಕೊಡ್ಲಿ ಇಟ್ಕೊಂಡು ಬಂದು ನಿಂತಿದ್ದ. ಅಧ್ಯಕ್ಷರೂ ಇದ್ರು.

"ಯಾವ ಗಿಡ್ರಿ ಯಜಮಾನರ?" ಅಂದ ಅವನು.

"ಇದ, ಸಂಕೇಶ್ವರ."

"ಸಂಕೇಶ್ವರ ಅಲ್ಲಪ್ಪ, ವಾತನಾರಾಯಣ" ಅಂದೆ ನಾನು.

ಅವನು ಕೊಡ್ಲಿ ಕೆಳಗಿಟ್ಟ. "ಈಶ್ವರನೋ ನಾರಾಯಣನೋ, ಮೊದಲು ಗಟ್ಟಿ ಹೇಳ್ರಿ. ಈಶ್ವರ ಆದ್ರ ಇವತ್ತು ಸೋಮವಾರ, ಅವನ ವಾರ. ಅವನ ಹೆಸರಿನ ಗಿಡಕ್ಕ ಕೊಡ್ಲಿ ಹಾಕಂಗಿಲ್ಲ."

"ಹಂಗಾದ್ರ ನಾಳಿ ಬಾ" ಅಂದ್ರು ಅಧ್ಯಕ್ಷರು.

"ಮಂಗಳವಾರ ನಮ್ಮ ಮನ್ಯಾಗ ಕೊಡ್ಲಿನ ಮುಟ್ಟಂಗಿಲ್ರಿ."

"ಶನಿವಾರ?"

"ಶನಿವಾರ ನಾರಾಯಣನ ವಾರ. ಅಕ್ಕೋರು ಹೇಳೋದು ಖರೆ ಇದ್ರ ನನ್ನ ಗತಿ ಏನ್ರಿ? ನನಗ ಮಕ್ಕಳು ಮರಿ ಅದಾವ."

ಅಧ್ಯಕ್ಷರು ಬೆವರು ಒರಸಿಕೊಂಡು, ಬುಧವಾರ ಅಂತ ಗಟ್ಟಿ ಮಾಡಿದ್ರು. ಅವನು ಕೊಡ್ಲಿ ಎತ್ತಿಕೊಂಡು ಹೊರಡೋವಾಗ ನನ್ನ ಹತ್ರ ಬಂದು ಸಣ್ಣ ದನಿಲೆ ಕೇಳಿದ: "ಅಕ್ಕೋರ, ಬುಧವಾರ ಯಾವ ದೇವರದು ಅಂತ ಏನರ ಗೊತ್ತೈತೇನ್ರಿ?"

೬. ಅರಿಶಿಣ

ಬುಧವಾರ ಬೆಳಿಗ್ಗಿ ಗೇಟು ದಾಟಿದ ಕೂಡಲೆ ನನ್ನ ಹುಡುಗ್ಯಾರೆಲ್ಲ ತಲಿ ಎತ್ತಿಕೊಂಡು ನಿಂತದ್ದು ಕಾಣಿಸ್ತು. ನಾನೂ ನೋಡಿದೆ. ಗಿಡದ ತುದಿ ತುಂಬ ಹೂವು. ನಿರಿಗಿ ನಿರಿಗಿ ಪಕಳಿ, ಬೆಳ್ಳಗ, ನಡುವಿನಿಂದ ಉದ್ದನ್ನ ಕೇಸರ. ನನಗ ಕಣ್ಣಾಗ ನೀರು ಬಂತು. ಗೆದ್ದೆ ಅಂದುಕೊಂಡೆ.

ಅಧ್ಯಕ್ಷರು ಬಂದ್ರು, ಕೊಡ್ಲಿಯವನೂ ಬಂದ. "ನೋಡ್ರಿ" ಅಂದೆ, "ಕೆಂಪಲ್ಲ, ಬಿಳಿ. ಇನ್ನೇನು ಸಾಕ್ಷಿ ಬೇಕ್ರಿ?"

ಅಧ್ಯಕ್ಷರು ಭಾಳೊತ್ತು ನೋಡಿದ್ರು. "ಹೌದ್ರಿ, ಬಿಳಿ. ಬಿಳಿಯರ ಗಿಡ ಅನ್ನಾಕ ಇದಕ್ಕಿಂತ ಸಾಕ್ಷಿ ಬೇಕೇನು?"

ಕೆಂಪು ಬಿಟ್ರ ಸೀಮೆದು, ಬಿಳಿ ಬಿಟ್ರ ಬಿಳಿಯರದು. ಆ ಗಿಡ ಇನ್ನ್ಯಾವ ಬಣ್ಣ ಬಿಡಬೇಕು? ಕೊಡ್ಲಿಯವನು ಅಂಗೈಗೆ ಉಗುಳಿಕೊಂಡ. ಅಷ್ಟರಾಗ ಗಾಳಿ ಬೀಸಿ ಹಿಂದಿನ ದಿನ ಯಾರ ಕಣ್ಣಿಗೂ ಬೀಳದ ತುದ್ಯಾಗ ಅರಳಿದ್ದ ನಾಲ್ಕು ಹೂವು ಪಟಪಟ ಅಂತ ಕೆಳಗ ಬಿದ್ವು. ಒಂದು ಅಧ್ಯಕ್ಷರ ಟೋಪಿ ಮ್ಯಾಲ ಕೂತು ಜಾರಿ ಅವರ ಕೈಗೆ ಬಂತು. ಹಳದಿ ಅಂದ್ರ ಹಳದಿ.

ನಾನು ಗಿಡದಾಗಿನ ಬಿಳಿ ಹೂವಿನ ಕಡೆ ಬೆರಳು ಮಾಡಿದೆ. "ಅಧ್ಯಕ್ಷರ, ಇದೂ ನಿನ್ನೆ ಹಿಂಗ ಬೆಳ್ಳಗಿತ್ತು. ಒಂದು ರಾತ್ರಿ ನಮ್ಮ ಬಳ್ಳಾರ್ಯಾಗ ಕಳದು ಅರಿಶಿಣ ಹಚ್ಕೊಂಡೈತಿ. ಅರಿಶಿಣ ಹಚ್ಕೊಂಡು ಬಂದಾಕಿನ್ನ ಯಾರರ ಮನಿಯಿಂದ ಹೊರಗ ಹಾಕ್ತಾರೇನ್ರಿ?"

ಕೊಡ್ಲಿಯವನು ಮೊದಲು ನಕ್ಕ. ಹುಡುಗ್ಯಾರು ನಕ್ರು. ಅಧ್ಯಕ್ಷರು ಕೈಯಾಗಿನ ಹೂವು ನೋಡಿದ್ರು, ಗಿಡದಾಗಿನ ಹೂವು ನೋಡಿದ್ರು. ತಲ್ಯಾಗ ಹೊಕ್ಕ ಮಾತಿಗೆ ಕಡೀಕೂ ಹೊರಗ ಬರೋ ದಾರಿ ಸಿಕ್ತು. ಹಲಗಿ ಹತ್ರ ಹೋಗಿ ದೊಡ್ಡ ಅಕ್ಷರದಾಗ ಬರದ್ರು: "ಇದು ಸೀಮೆ ಗಿಡವಲ್ಲ. ಈ ಸಾಲೆಯಲ್ಲಿ ಸೀಮೆಯದು ಏನೂ ಇಲ್ಲ."

ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಸರ್, ನೀವು ಕೈಯಾಗ ಹಿಡದು ಬರದ್ರಲ್ಲ, ಅದಕ್ಕೇನಂತಾರ್ರಿ?" ಅಂದ್ಲು.

"ಸೀಮೆಸು..." ಅಂದವರು ಅಲ್ಲೇ ನಿಂತ್ರು. ಆ ತುಂಡನ್ನ ಮುಷ್ಟ್ಯಾಗ ಮುಚ್ಚಿಕೊಂಡು, ಜುಬ್ಬಾದ ಕಿಸೆಯಾಗ ಇಳಿಸಿ, ಏನೂ ಆಗಿಲ್ಲದೋರ ಹಂಗ ಗಿಡ ನೋಡ್ಕೋತ ನಿಂತ್ರು. ಬಿಳಿ ಕಿಸೆ ಇನ್ನಷ್ಟು ಬೆಳ್ಳಗಾತು. ಆಮ್ಯಾಲ ತಾವ ನಕ್ಕುಬಿಟ್ರು.

ಗಿಡ ಉಳೀತು, ಪಾಠ ಉಳೀತು, ನಾನು ಸೂಜಿ ಹಿಡಿಯೋದು ತಪ್ಪಿತು. ಅಧ್ಯಕ್ಷರು ಹಟಕ್ಕೆ ಬಿದ್ದಷ್ಟ ಪ್ರೀತಿಗೂ ಬೀಳೋ ಮನುಷ್ಯ. ಮಂಡಿನೋವಿಗೆ ಅದರ ಎಲಿ ಒಯ್ಯಾಕ ಹತ್ತಿದ್ರು. ಯಾರು ಸಾಲಿ ನೋಡಾಕ ಬಂದ್ರೂ ಮೊದಲು ಗಿಡದ ಹತ್ರ ಕರಕೊಂಡು ಹೋಗಿ, "ಇದು ಅಪ್ಪಟ ಸ್ವದೇಶಿ. ನಮ್ಮ ಋಷಿಮುನಿಗಳು ನೆಟ್ಟಿದ್ದು" ಅಂತಿದ್ರು.

ಮರುವರ್ಷ ಹೂವಿನ ಕಾಲದಾಗ ಕಾಲೇಜಿನ ಮೇಷ್ಟ್ರು ಗಿಡ ನೋಡಾಕ ಬಂದ್ರು. ಅಧ್ಯಕ್ಷರು ಆ ಕಡೆ ಯಾರಿಗೋ ಋಷಿಮುನಿಗಳ ಕಥಿ ಹೇಳ್ತಿದ್ರು. ಮೇಷ್ಟ್ರು ನನ್ನ ಹತ್ರ ಬಗ್ಗಿ, "ಅಮ್ಮಾ, ಒಂದು ಮಾತು. ಈ ಗಿಡಾನೂ ಯಾವುದೋ ಕಾಲದಲ್ಲಿ ಹಡಗು ಹತ್ತಿ ಆಫ್ರಿಕಾ ಕಡೆಯಿಂದ ಬಂದಿರಬಹುದು ಅಂತ ತಿಳಿದವರು ಅಂತಾರೆ. ಅಧ್ಯಕ್ಷರಿಗೆ ಹೇಳಿಬಿಡಲಾ?" ಅಂದ್ರು.

"ಬ್ಯಾಡ್ರಿ ಸಾರ್" ಅಂದೆ. "ಸತ್ಯನಾರಾಯಣ ನಮ್ಮ ಪೇಟಿ ಹೆಸರಿನ್ಯಾಗ ಇರ್ಲಿ. ಸಾಲ್ಯಾಗಿರೋನು ಬರೇ ವಾತನಾರಾಯಣ."